ಪ್ಯಾಸಿವ್ ಪ್ರೋಬೋ, ಆ್ಯಕ್ಟಿವ್ ಪ್ರೋಬೋ?

ಪ್ರೋಬ್ ಎಂದರೆ ಸಂಕೇತ ಅಳೆಯಲು ಸರ್ಕ್ಯೂಟಿಗೆ ತಾಗಿಸುವ ಕಡ್ಡಿ; ಒಳಗೆ ಆಂಪ್ಲಿಫೈಯರ್ ಇದ್ದರೆ ಆ್ಯಕ್ಟಿವ್, ಇಲ್ಲದಿದ್ದರೆ ಪ್ಯಾಸಿವ್. ಆಸಿಲೋಸ್ಕೋಪಿನ (ವಿದ್ಯುತ್ ಸಂಕೇತದ ಅಲೆಯನ್ನು ಪರದೆಯಲ್ಲಿ ತೋರಿಸುವ ಉಪಕರಣ) ಜೊತೆ ಬರುವ, ಸಂಕೇತವನ್ನು ಹತ್ತನೇ ಒಂದಕ್ಕೆ ಇಳಿಸುವ 10 ಪಟ್ಟಿನ ಪ್ಯಾಸಿವ್ ಪ್ರೋಬ್‌ಗೆ 10 ಮೆಗಾಓಮ್ ರೋಧವಿದೆ ಎಂದು ನಿಶ್ಚಿಂತರಾಗಬೇಡಿ. ಅದರ ತುದಿಯ ಧಾರಕತೆ (ಕೆಪಾಸಿಟೆನ್ಸ್) ಸುಮಾರು 10 ಪಿಕೋಫ್ಯಾರಡ್; ಆವರ್ತನ ಏರಿದಂತೆ ಅದು ಒಡ್ಡುವ ಅಡ್ಡಿ ಇಳಿಯುತ್ತದೆ. 100 ಮೆಗಾಹರ್ಟ್ಸ್‌ನಲ್ಲಿ ಸರ್ಕ್ಯೂಟಿಗೆ ಅದು ಬರೀ 160 ಓಮ್‌ನಂತೆ ಕಾಣುತ್ತದೆ. ಅಳೆಯಲು ಹೋದ ಸಂಕೇತವೇ ಕೆಡುತ್ತದೆ! ಆ್ಯಕ್ಟಿವ್ ಪ್ರೋಬ್‌ನಲ್ಲಿ ಧಾರಕತೆ 1 ಪಿಕೋಫ್ಯಾರಡ್ ಆಸುಪಾಸಿನಲ್ಲಿರುವುದರಿಂದ ಅದೇ ಆವರ್ತನದಲ್ಲಿ 1,600 ಓಮ್ ಸಿಗುತ್ತದೆ. ವೇಗದ ಕ್ಲಾಕ್ ಸಂಕೇತ ನೋಡುವವರು ಇದನ್ನೇ ಆರಿಸಿಕೊಳ್ಳಲಿ.

ಆದರೆ ಇದು ನಾಜೂಕು. ಪ್ಯಾಸಿವ್ ಪ್ರೋಬ್ ನೂರಾರು ವೋಲ್ಟ್ ತಾಳುತ್ತದೆ. ಆ್ಯಕ್ಟಿವ್ ಪ್ರೋಬ್ ಒಳಗಿನ ಆಂಪ್ಲಿಫೈಯರ್ ಸುಟ್ಟುಹೋಗಲು ಕೆಲವು ಹತ್ತು ವೋಲ್ಟ್ ಸಾಕು, ಮೈಮೇಲಿನ ಸ್ಥಿರವಿದ್ಯುತ್ತೂ ಸಾಕು. ಮುಟ್ಟುವ ಮುನ್ನ ಭೂಸಂಪರ್ಕದ ಮಣಿಕಟ್ಟು ಪಟ್ಟಿ ಧರಿಸಿ. ಕೇಬಲನ್ನು ಮಡಚದೆ ಅಗಲವಾಗಿ ಸುತ್ತಿಡಿ. ಗ್ರೌಂಡ್ ತಂತಿ ಉದ್ದವಾದರೆ ಎರಡು ಪ್ರೋಬ್ ಕೂಡ ತಪ್ಪು ತೋರಿಸುತ್ತವೆ. ಪವರ್ ಸಪ್ಲೈ ದುರಸ್ತಿಗೆ ಪ್ಯಾಸಿವ್ ಪ್ರೋಬೇ ಸರಿ.