ಶಾರ್ಜಾದಲ್ಲಿ ಇಲ್ಲದ ಎಂಬಸಿಗೆ 36,500 ರೂಪಾಯಿ ಕಟ್ಟಿದ ಕತೆ

ಗಲ್ಫಿನಲ್ಲಿ ಮನೆಯವರು ಯಾರಾದರೂ ಇರುವ ಕಾರವಾರ, ಅಂಕೋಲಾ, ಹೊನ್ನಾವರ, ಭಟ್ಕಳದವರು ಇದನ್ನೊಮ್ಮೆ ಓದಿ. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ಅಕ್ಕನ ಮಗ ಶಾರ್ಜಾದಲ್ಲಿ ಎಸಿ ಮೆಕ್ಯಾನಿಕ್. ಅಕ್ಕನಿಗೆ ಹಾರ್ಟ್ ಆಪರೇಷನ್ ಎಂದು ಹೊರಡುವ ಗಡಿಬಿಡಿಯಲ್ಲಿ ಪಾಸ್‌ಪೋರ್ಟ್ ಇದ್ದ ಬ್ಯಾಗನ್ನೇ ಟ್ಯಾಕ್ಸಿಯಲ್ಲಿ ಬಿಟ್ಟ. ಶನಿವಾರ ಸಂಜೆ ಅಳುದನಿಯಲ್ಲಿ ಫೋನು: ‘ಮಾವಾ, ಈಗ ಎಂತ ಮಾಡೂದು?’

ನಾನು ದೊಡ್ಡ ಮನುಷ್ಯ. ‘ನೀ ಸುಮ್ನಿರು ತಮಾ, ನಾ ನೋಡ್ತೆ’ ಅಂದು ಮೊಬೈಲಿನಲ್ಲಿ ‘ಇಂಡಿಯನ್ ಎಂಬಸಿ ಶಾರ್ಜಾ’ ಎಂದು ಹುಡುಕಿದೆ. ಮೊದಲು ಬಂದದ್ದನ್ನೇ ಒತ್ತಿದೆ. ಅದು ಕಾಸು ಕೊಟ್ಟು ಮೇಲೆ ಕೂರಿಸಿದ ಜಾಹೀರಾತು ಎಂಬುದು ಆಮೇಲೆ ತಿಳಿಯಿತು. ಪುಟದ ತುಂಬ ತ್ರಿವರ್ಣ, ತಲೆಯ ಮೇಲೆ ಅಶೋಕ ಸ್ತಂಭದ ಸಿಂಹಗಳು. ಕೆಳಗೆ ‘ಸತ್ಯಮೇವ ಜಯತೇ’ ಇರಲಿಲ್ಲ. ಅಷ್ಟರ ಮಟ್ಟಿಗೆ ಪ್ರಾಮಾಣಿಕರು!

ಫಾರ್ಮ್ ತುಂಬಿ, ಅಳಿಯನ ಹಳೆಯ ಪಾಸ್‌ಪೋರ್ಟ್ ಪ್ರತಿ, ಎಮಿರೇಟ್ಸ್ ಐಡಿ ಎಲ್ಲ ಹಾಕಿದ ಹತ್ತೇ ನಿಮಿಷಕ್ಕೆ ವಾಟ್ಸಾಪ್ ಕರೆ. ತಾನು ವೈಸ್ ಕಾನ್ಸುಲ್ ಅಂದ. ಹಿಂದಿ ಎಷ್ಟು ನಯ ಅಂದರೆ ನಾನೇ ಎದ್ದು ನಿಂತು ಮಾತಾಡಿದೆ. ತುರ್ತು ಪ್ರಮಾಣಪತ್ರಕ್ಕೆ 14,500 ಯುಪಿಐ ಮಾಡಿ ಅಂದ, ಮಾಡಿದೆ. ಒಂದು ತಾಸಿನ ಮೇಲೆ ‘ಇಮಿಗ್ರೇಷನ್ ಕ್ಲಿಯರೆನ್ಸ್’ಗೆ 22,000. ಅದನ್ನೂ ಕಳಿಸಿದೆ. ಹಣ ಹೋದದ್ದು ಯಾವುದೋ ಖಾಸಗಿ ಹೆಸರಿನ ಖಾತೆಗೆ. ಕಂಡಿತ್ತು, ಆದರೆ ತಲೆಗೆ ಹೋಗಲಿಲ್ಲ. ಮರುದಿನ ಬೆಳಿಗ್ಗೆ ‘ವಾಪಸ್ ಕೊಡುವ ಠೇವಣಿ’ ಎಂದು 40,000 ಕೇಳಿದ.

ಕೈಯಲ್ಲಿ ಅಷ್ಟಿರಲಿಲ್ಲ. ಸಾಲ ಕೇಳಲು ಕೋಡಿಬಾಗದ ಗೆಳೆಯನ ಮನೆಗೆ ಹೋದೆ. ಹಡಗಿನಲ್ಲಿ ಮೂವತ್ತು ವರ್ಷ ದುಡಿದು ಬಂದವನು. ಕತೆ ಪೂರ್ತಿ ಕೇಳಲೂ ಇಲ್ಲ: ‘ಅಲ್ಲ ಮಾರಾಯಾ, ಶಾರ್ಜಾದಲ್ಲಿ ಎಂಬಸಿ ಎಲ್ಲಿಂದ ಬಂತು?’

ಒಂದು ದೇಶದಲ್ಲಿ ನಮ್ಮ ಎಂಬಸಿ ಒಂದೇ, ಸಾಮಾನ್ಯವಾಗಿ ರಾಜಧಾನಿಯಲ್ಲಿ. ಕಾಮನ್‌ವೆಲ್ತ್ ದೇಶಗಳಲ್ಲಿ ಅದಕ್ಕೇ ಹೈಕಮಿಷನ್ ಅನ್ನುತ್ತಾರೆ. ಸಿಂಗಾಪುರ, ಮಲೇಷ್ಯಾದಲ್ಲಿ ಹಾಗೆ. ಬೇರೆ ಊರುಗಳಲ್ಲಿ ಇದ್ದರೆ ಕಾನ್ಸುಲೇಟ್. ಯುಎಇಯಲ್ಲಿ ಎಂಬಸಿ ಇರುವುದು ಅಬುಧಾಬಿಯಲ್ಲಿ. ಶಾರ್ಜಾ ಸೇರಿ ಉಳಿದ ಆರೂ ಎಮಿರೇಟುಗಳವರು (ಎಮಿರೇಟು ಅಂದರೆ ಅಲ್ಲಿನ ರಾಜ್ಯ) ಹೋಗಬೇಕಾದ್ದು ದುಬೈ ಕಾನ್ಸುಲೇಟಿಗೆ. ಸೌದಿಯಲ್ಲಿ ರಿಯಾದ್ ಎಂಬಸಿ, ಜೆಡ್ಡಾ ಕಾನ್ಸುಲೇಟ್. ಕುವೈತ್, ಕತಾರ್, ಬಹರೈನ್‌ಗಳಲ್ಲಿ ರಾಜಧಾನಿಯ ಎಂಬಸಿಯೇ ಎಲ್ಲ. ಇಷ್ಟು ಗೊತ್ತಿದ್ದರೆ ‘ಎಂಬಸಿ ಶಾರ್ಜಾ’ ಎಂಬ ಬೋರ್ಡು ಕಂಡಾಗಲೇ ನಗಬಹುದಿತ್ತು. ಅಲ್ಲಿನ ಶುಲ್ಕ ದಿರ್ಹಮಿನಲ್ಲಿ, ಅಲ್ಲಿನ ಕೌಂಟರಿನಲ್ಲೇ ಕಟ್ಟುವುದು. ಕಾರವಾರದಿಂದ ಯುಪಿಐ ಮಾಡುವುದಲ್ಲ. ನಮ್ಮ ರಾಯಭಾರ ಕಚೇರಿಗಳ ಜಾಲತಾಣದ ವಿಳಾಸ ‘ಜಿಒವಿ ಡಾಟ್ ಐಎನ್’ ಎಂದು ಮುಗಿಯುತ್ತದೆ, ನಾನು ಒತ್ತಿದ್ದು ‘ಡಾಟ್ ಕಾಮ್’.

ಹೊಟ್ಟೆ ಉರಿಯುವುದು ಇದಕ್ಕೆ: ದುಬೈಯಲ್ಲಿ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ ಅಂತ ಇದೆ. ಯುಎಇ ಒಳಗಿಂದ 800 46342ಕ್ಕೆ ಯಾವ ಹೊತ್ತಿಗೂ ಪುಕ್ಕಟೆ ಕರೆ ಮಾಡಬಹುದು. ಅಳಿಯ ಆ ಶನಿವಾರ ಸಂಜೆ ತಾನೇ ಮಾಡಬಹುದಿತ್ತು. ನನ್ನ ಮೇಲೆ ಭಾರ ಹಾಕಿ ಕೂತ.

ಕೊನೆಗೆ ಅವನೇ ಓಡಾಡಿದ. ಮೊದಲು ಪಾಸ್‌ಪೋರ್ಟ್ ಕಳೆದಿದೆ ಎಂದು ಅಲ್ಲಿನ ಪೊಲೀಸರಿಂದ ದಾಖಲೆ, ಸೋಮವಾರ ಅರ್ಜಿ, ಆಮೇಲೆ ಎಮರ್ಜೆನ್ಸಿ ಸರ್ಟಿಫಿಕೇಟ್. ಇದು ಪಾಸ್‌ಪೋರ್ಟ್ ಅಲ್ಲ, ಭಾರತಕ್ಕೆ ಒಂದು ಸಲ ಬರಲಿಕ್ಕೆ ಮಾತ್ರ. ಜೊತೆಗೆ ಆ ದೇಶದಿಂದ ಹೊರಡಲು ಅನುಮತಿಯೂ ಬೇಕಾಯಿತು. ಗುರುವಾರ ಮಂಗಳೂರಿಗೆ ಇಳಿದ. ಅಕ್ಕನ ಆಪರೇಷನ್ ಮಂಗಳವಾರವೇ ಮುಗಿದಿತ್ತು.

ನಾನು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದು ಭಾನುವಾರ ಮಧ್ಯಾಹ್ನ, ಹಣ ಹೋಗಿ ಹದಿನೆಂಟು ತಾಸು ಆದ ಮೇಲೆ. ಅಷ್ಟರಲ್ಲಿ ಖಾತೆ ಖಾಲಿ. ಮೋಸ ಅನಿಸಿದ ಕ್ಷಣವೇ ಮಾಡಿ. ತಡವಾದಷ್ಟೂ ಹಣ ಕೈಯಿಂದ ಕೈಗೆ ದಾಟುತ್ತದೆ. ದಾಖಲೆಗಳ ಪ್ರತಿಯೂ ಅವರ ಹತ್ತಿರ ಉಳಿಯಿತು. ಎರಡು ವಾರಕ್ಕೆ ಅಳಿಯನಿಗೆ ಮತ್ತೊಂದು ಕರೆ, ‘ನಿನ್ನ ಮೇಲೆ ಕೇಸಿದೆ, ದಂಡ ಕಟ್ಟು’. ಪರದೆಯ ಮೇಲೆ ಬಂದ ನಂಬರು ಕಾನ್ಸುಲೇಟಿನದೇ ಆಗಿತ್ತಂತೆ. ಹೀಗೆ ಕಚೇರಿಯ ನಂಬರೇ ಕಾಣುವಂತೆ ಕರೆ ಮಾಡಿ ಹಣ ಕೇಳುವವರಿದ್ದಾರೆ ಎಂದು ನಮ್ಮ ರಾಯಭಾರ ಕಚೇರಿಗಳೇ ಎಚ್ಚರಿಸಿವೆ. ಅಳಿಯ ಈ ಸಲ ನನಗೆ ಫೋನ್ ಮಾಡಲಿಲ್ಲ, ಕರೆ ಕತ್ತರಿಸಿದ. ಅದೊಂದು ಸಮಾಧಾನ.

ಮೊನ್ನೆ ರಾತ್ರಿ ಸುಮ್ಮನೆ ಮತ್ತೆ ಹುಡುಕಿದೆ. ಅದೇ ಸಿಂಹಗಳು, ಅದೇ ಬಣ್ಣ. ಊರು ಮಾತ್ರ ಈಗ ಸೌದಿಯದು: ‘ಎಂಬಸಿ ದಮ್ಮಾಮ್’.