ಎದೆ ಆಪರೇಷನ್ ಆದವರು ಮರಗಟ್ಟಿದ ಜಾಗಕ್ಕೆ ದಯವಿಟ್ಟು ಶಾಖ ಕೊಡಬೇಡಿ

ಶ್ವಾಸಕೋಶದ ಸುತ್ತ ಕೀವು ಕಟ್ಟಿತ್ತು ಅಂತ ಪಕ್ಕೆಲುಬಿನ ಸಂದಿಯಲ್ಲಿ ಕುಯ್ದು ತೆಗೆದರು. ಹೊಲಿಗೆ ಬಿಚ್ಚಿ, ಗಾಯ ಒಣಗಿದ ಮೇಲೂ ಬೆನ್ನಿಂದ ಎದೆಯ ಮುಂದಿನವರೆಗೆ ಪಟ್ಟಿ ಎಳೆದ ಹಾಗೆ ಉರಿ. ನಡುನಡುವೆ ಕರೆಂಟ್ ಹೊಡೆದಂತೆ ಚುಳುಕು. ರವಿಕೆ ತಾಗಿದರೆ ತಡೆಯಲಾಗದು. ಆದರೆ ಅದರ ಕೆಳಗೇ ಅಂಗೈಯಗಲ ಜಾಗದಲ್ಲಿ ಗಿಲ್ಲಿದರೂ ಗೊತ್ತಾಗುತ್ತಿರಲಿಲ್ಲ.

"ಶೀತ ಸೇರಿಕೊಂಡಿದೆ ಕಣಮ್ಮ, ಶಾಖ ಕೊಡು" ಅಂದರು ಅತ್ತೆ. ಪ್ರೀತಿಯಿಂದಲೇ ಹೇಳಿದ್ದು. ಬಿಸಿನೀರಿನ ಬ್ಯಾಗ್ ಇಟ್ಟುಕೊಂಡು ಹಾಗೇ ನಿದ್ದೆ ಹೋದೆ. ಬೆಳಿಗ್ಗೆ ನೈಟಿ ಮೈಗೆ ಅಂಟಿತ್ತು. ಬಿಡಿಸಿ ನೋಡಿದರೆ ಅಡಿಕೆ ಗಾತ್ರದ ಎರಡು ಬೊಬ್ಬೆ, ಒಂದು ಒಡೆದಿತ್ತು. ಸುಡುವಾಗ ನನಗೆ ಚೂರೂ ಗೊತ್ತಾಗಿರಲಿಲ್ಲ.

ಇದರ ಜೊತೆಗೆ ನಾಲ್ಕು ತಿಂಗಳು ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ಅನ್ನುವ ನೋವಿನ ಮಾತ್ರೆ ತಂದು ದಿನಕ್ಕೆರಡು ನುಂಗಿದ್ದೆ. ಅಂಗಡಿಯವರು ಒಂದು ದಿನವೂ ಚೀಟಿ ಕೇಳಲಿಲ್ಲ. ಉರಿ ಮಾತ್ರ ಇದ್ದಲ್ಲೇ ಇತ್ತು.

ಕೊನೆಗೆ ನೋವಿನ ತಜ್ಞರ ಹತ್ತಿರ ಹೋದೆ. ಅವರು ಹತ್ತಿಯ ಎಳೆಯನ್ನು ಮೈಮೇಲೆ ಎಳೆಯುತ್ತಾ, ಎಲ್ಲಿ ಉರಿ, ಎಲ್ಲಿ ಜೋಮು ಅಂತ ಕೇಳಿ ಪೆನ್ನಿನಲ್ಲಿ ಗೆರೆ ಹಾಕಿದರು. ಪ್ರತಿ ಪಕ್ಕೆಲುಬಿನ ಕೆಳ ಅಂಚಿನಲ್ಲಿ ಒಂದು ನರ ಇರುತ್ತದಂತೆ. ಎಲುಬು ಅಗಲಿಸುವಾಗ ಅದು ಜಗ್ಗಿ, ಜಜ್ಜಿ ಹೋಗಬಹುದು. ಅಂಥ ನೋವಿಗೆ ಮಾಮೂಲಿ ನೋವಿನ ಮಾತ್ರೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಚರ್ಮ ಮರಗಟ್ಟಿಸುವ ಲಿಡೊಕೇನ್ ಔಷಧದ ಪಟ್ಟಿ ಅಂಟಿಸೋಣ ಅಂದವರು ಸುಟ್ಟ ಗಾಯ ನೋಡಿ ಬೇಡ ಅಂದರು. ಅದನ್ನು ಗಾಯವಿಲ್ಲದ ಚರ್ಮಕ್ಕೇ ಹಾಕಬೇಕು. ನರದ ನೋವಿನ ಮಾತ್ರೆ ಪ್ರಿಗಾಬಲಿನ್ ಬರೆಯುವ ಮೊದಲು ರಕ್ತ ಪರೀಕ್ಷೆ ಮಾಡಿಸಿದರೆ ಕ್ರಿಯಾಟಿನಿನ್ ಏರಿತ್ತು, ಅಂದರೆ ಮೂತ್ರಪಿಂಡ ಸೋತಿತ್ತು; ತಿಂಗಳುಗಟ್ಟಲೆ ನುಂಗಿದ ಡೈಕ್ಲೋಫೆನಾಕ್ ಹಾಗೆ ಮಾಡಬಹುದಂತೆ. ಪ್ರಿಗಾಬಲಿನ್ ಮೂತ್ರಪಿಂಡದ ಮೂಲಕವೇ ಹೊರಹೋಗುವುದರಿಂದ ಡೋಸ್ ಇಳಿಸಬೇಕಾಯಿತು. ಸಿಗಬೇಕಾದ ಚಿಕಿತ್ಸೆಗೆ ನಾನೇ ಅಡ್ಡಗಾಲು ಹಾಕಿಕೊಂಡಿದ್ದೆ.

ಆಮೇಲೂ ಒಂದು ತಪ್ಪು ಮಾಡಿದೆ. ಉರಿ ಅರ್ಧ ಇಳಿಯಿತು ಅಂತ ಪ್ರಿಗಾಬಲಿನ್ ಒಮ್ಮೆಲೇ ಬಿಟ್ಟೆ. ಮೂರು ರಾತ್ರಿ ನಿದ್ದೆಯಿಲ್ಲ, ಬೆವರು, ವಾಕರಿಕೆ. ವೈದ್ಯರನ್ನು ಕೇಳಿ ಹಂತಹಂತವಾಗಿಯೇ ಇಳಿಸಬೇಕು. ಈ ಮಾತ್ರೆ ಶುರುಮಾಡಿದಾಗ ತಲೆ ಸುತ್ತಬಹುದು, ಸ್ಕೂಟಿ ಮುಟ್ಟಬೇಡಿ.

ಆಪರೇಷನ್ ಆಗಿ 3 ತಿಂಗಳಾದರೂ ಉರಿ, ಚುಳುಕು ಇದ್ದರೆ "ಗಾಯದ ನೋವು, ಹೋಗುತ್ತೆ" ಅಂತ ಕಾಯಬೇಡಿ, ನರದ ನೋವೇ ಅಂತ ಬಾಯಿಬಿಟ್ಟು ಕೇಳಿ. ಜ್ವರ, ಉಸಿರುಕಟ್ಟು, ಹೊಸ ಊತ ಇದ್ದರೆ ಅವತ್ತೇ ಸರ್ಜನ್ ಹತ್ತಿರ ಓಡಿ. ನಮ್ಮ ಮನೆಯ ಬಿಸಿನೀರಿನ ಬ್ಯಾಗನ್ನು ಅತ್ತೆಯೇ ಎಸೆದರು.