ತುಂಬಾಡ್, ಭ್ರಮಯುಗಂ, ಕಾಂತಾರ: ಮೊದ್ಲ ಯಾವ್ದು ನೋಡ್ಬೇಕು?

ದೆವ್ವದ ಪಿಕ್ಚರ್ ಇರ್ಬೇಕು, ಅದರಾಗ ಹಳೇ ಕಾಲದ ಕಥಿನೂ ಇರ್ಬೇಕು, ಸುಮ್ಮನ ಧಡಕ್ಕನ ಸೌಂಡ್ ಮಾಡಿ ಅಂಜಿಸೋದು ಬ್ಯಾಡ ಅಂತ ಯಾರರೆ ಕೇಳಿದ್ರ ನಾ ಮೊದ್ಲ ತುಂಬಾಡ್ ಅಂತೀನಿ. ಭ್ರಮಯುಗಂನೂ ನೋಡೇನಿ, ಕಾಂತಾರನೂ ನೋಡೇನಿ, ಮೂರೂ ಛಲೋ ಅದಾವ, ಆದ್ರ ಮೂರರ ಅಂಜಿಕಿನೂ ಬ್ಯಾರೆ ಬ್ಯಾರೆ.

ತುಂಬಾಡ್ 2018ರ ಹಿಂದಿ ಪಿಕ್ಚರ್, ರಾಹಿ ಅನಿಲ್ ಬರ್ವೆ ಡೈರೆಕ್ಟರ್. ಆವಾಗ ಮಂದಿ ಅಷ್ಟಾಗಿ ನೋಡ್ಲಿಲ್ಲ, 2024ರಾಗ ಮತ್ತ ರಿಲೀಸ್ ಮಾಡಿದಾಗ ಮೊದಲಿಗಿಂತ ಹೆಚ್ಚು ಗಳಿಸ್ತು. ನಾನೂ ಆಗನ ಹುಬ್ಬಳ್ಳ್ಯಾಗ ದೊಡ್ಡ ಪರದೆ ಮ್ಯಾಲೆ ನೋಡಿದ್ದು, ಮೊಬೈಲ್ನ್ಯಾಗ ನೋಡಿದ್ದಕ್ಕೂ ಇದಕ್ಕೂ ಸಂಬಂಧನ ಇಲ್ಲ, ಆ ಜಡಿಮಳಿ ಐತ್ಯಲ್ಲ, ಕುಂತಲ್ಲೆ ಮೈ ತೊಯ್ದಂಗ ಅನಸ್ತೈತಿ.

ಈ ಪಿಕ್ಚರಿನ ದೆವ್ವ ಹಸ್ತರ್ ಅಂದ್ರ ಸಮೃದ್ಧಿ ದೇವಿಯ ಮೊದಲನೇ ಮಗ. ಬಂಗಾರ ಎಲ್ಲಾ ಬಳಕೊಂಡ, ಧಾನ್ಯಕ್ಕ ಕೈ ಹಾಕೋದ್ರಾಗ ಉಳಿದ ದೇವ್ರು ಮ್ಯಾಲೆ ಬಿದ್ರು. ಹಂಗಾಗಿ ಅವನ ಕಡೆ ಬಂಗಾರ ಐತಿ, ಹೊಟ್ಟಿಗೆ ಮಾತ್ರ ಏನೂ ಇಲ್ಲ. ಕಥಾನಾಯಕ ವಿನಾಯಕ ರಾವ್ ಆ ಬಂಗಾರದ ಆಸೆಗೆ ಹಗ್ಗ ಹಿಡಕೊಂಡು ಹಸ್ತರ್ ಇರೋ ಕಡೆ ಕೆಳಗ ಇಳೀತಾನ, ತನ್ನ ಸುತ್ತ ಹಿಟ್ಟಿನ ಗೆರಿ ಹಾಕ್ಕೊತಾನ, ಹಿಟ್ಟಿನ ಗೊಂಬಿ ಹೊರಗ ತಗೀತಾನ, ಹಸ್ತರ್ ಅದನ್ನ ತಿನ್ನೋದ್ರಾಗ ಅವನ ಲಂಗೋಟಿಗೆ ಕೈ ಹಾಕಿ ನಾಣ್ಯ ಕಿತಗೊಂಡು ಮ್ಯಾಲೆ ಹತ್ತಬೇಕು. ಇಷ್ಟ ನೋಡ್ರಿ ಆಟ. ಇದರ ಕಟ್ಟಳೆ ಎಲ್ಲಾ ನಮಗ ಮೊದಲ ಗೊತ್ತಿರ್ತೈತಿ, ಅದಕ್ಕ ಎಲ್ಲೆ ತಪ್ತೈತೋ ಅಂತ ಜೀವ ಕೈಯಾಗ ಹಿಡಕೊಂಡು ಕುಂದರ್ತೀವಿ. 1918, 1933, 1947 ಅಂತ ಕಥಿ ಮುಂದ ಹೊಕ್ಕೈತಿ, ಬ್ರಿಟಿಷರು ಹೋಗ್ತಾರ, ಆಸೆ ಮಾತ್ರ ಅಪ್ಪನಿಂದ ಮಗನಿಗೆ ಇಳೀತೈತಿ.

ನಮ್ ಕಡೆ ಮಂದಿಗೆ ಇದು ಇನ್ನೂ ಹತ್ರ ಆಗ್ತೈತಿ ಅಂತೀನಿ. ಲಕ್ಕುಂಡ್ಯಾಗ ಹಿಂದಕ ನಾಣ್ಯ ಅಚ್ಚು ಹಾಕೋ ಟಂಕಸಾಲಿ ಇತ್ತು, ಗದಗ ಕಡೆ ಯಾರ ಮನ್ಯಾಗ ಕುಂತ್ರೂ ನಿಧಿ ಮಾತು ಬಂದ ಬರ್ತೈತಿ, ಅದರ ಹಿಂದ ಹೋಗಿ ಹೊಲ ಮನಿ ಕಳಕೊಂಡವರ ಕಥಿನೂ ಬರ್ತಾವ. ಪಿಕ್ಚರಿನೊಳಗಿನ ಆ ಹಳೇ ದೊಡ್ಡ ವಾಡೆ ಮನಿ, ಹಿಂದಿಯೊಳಗಿನ ಆ ಮರಾಠಿ ವಾಸನಿ, ಯಾವ್ದೂ ನಮಗ ಹೊಸಾದಲ್ಲ.

ಭ್ರಮಯುಗಂ 2024ರ ಮಲಯಾಳಂ ಪಿಕ್ಚರ್, ರಾಹುಲ್ ಸದಾಶಿವನ್ ಅವರದ್ದು, ಪೂರ್ತಿ ಕಪ್ಪು ಬಿಳುಪು. ಹದಿನೇಳನೇ ಶತಮಾನ, ಹಾಡು ಹೇಳೋ ತೇವನ್ ದಾರಿ ತಪ್ಪಿ ಒಂದು ಪಾಳು ಮನಿಗೆ ಬರ್ತಾನ, ಅಲ್ಲೆ ಇರೋದು ಮಮ್ಮುಟ್ಟಿ. ಆತ ನಕ್ರೂ ಎದಿ ಝಲ್ ಅಂತೈತಿ. ದಾಳ ಉರುಳಿಸೋ ಆಟಕ್ಕ ಕರೀತಾನ, ಪಣಕ್ಕ ಇಡೋದು ರೊಕ್ಕ ಅಲ್ಲ, ತೇವನ್‌ನ ಟೈಮ್! ಜಾತಿ, ಅಧಿಕಾರ ಎಲ್ಲಾ ಆ ಒಂದು ಆಟದಾಗ ಬಂದಬಿಡ್ತಾವ. ನಟನೆ ಅಂದ್ರ ಮೂರರಾಗ ಇದ ಮ್ಯಾಲೆ, ಖರೇ ಹೇಳ್ತೀನಿ. ಆದ್ರ ಮೂರ್ನಾಕ ಮಂದಿ, ಒಂದ ಮನಿ, ನಿಧಾನ ಐತಿ, ದಿನಾ ಕೆಲಸ ಮುಗಿಸಿ ದಣದು ಬಂದಾಗ ಹಚ್ಚಬ್ಯಾಡ್ರಿ, ಆದಿತ್ಯವಾರ ಮಧ್ಯಾಹ್ನ ಕಿಟಕಿ ಪರದೆ ಎಳದು ನೋಡ್ರಿ.

ಕಾಂತಾರದ (2022) ಬಗ್ಗೆ ಭಾಳ ಹೇಳೋದಿಲ್ಲ, ನೋಡದವ್ರು ಕಡಿಮಿ. ಕೊನಿಗೆ ಗುಳಿಗ ದೈವ ಮೈಮ್ಯಾಲೆ ಬಂದಾಗ ರೋಮಾಂಚನ ಆಗ್ತೈತಿ, ಆದ್ರ ಅದು ಭಕ್ತಿ. ರಾತ್ರಿ ಲೈಟ್ ಆರಿಸೋಕ ಅಂಜೋ ಅಂಥಾ ಹೆದರಿಕಿ ಬೇಕು ಅನ್ನೋರಿಗೆ ಅದು ಸಾಲೋದಿಲ್ಲ.

ಮನಿಮಂದಿ ಎಲ್ಲಾ ಕೂಡಿ ನೋಡೋದಾದ್ರ ಕಾಂತಾರನ ಹಚ್ರಿ. ತುಂಬಾಡ್ ಸಣ್ಣ ಹುಡುಗರ ಮುಂದ ಬ್ಯಾಡ್ರಿ, ಅದರೊಳಗಿನ ಅಜ್ಜಿ ದೊಡ್ಡವರಿಗೂ ನಿದ್ದಿ ಬರಗೊಡೋದಿಲ್ಲ.